ಸಮುದ್ರದ ದೋಣಿಗೆ ಬಳ್ಳಾರಿ ಬಿಸಿಲು

ಲಾರಿಯಿಂದ ದೋಣಿ ಇಳಿಸುತ್ತಿದ್ದಾಗ ನಮ್ಮ ಓಣಿಯ ಹಿರಿಯರೊಬ್ಬರು ಕಟ್ಟೆ ಮೇಲಿಂದಲೇ ಕೇಳಿದರು: “ಏನಪಾ, ಈ ಸಲ ಮಳಿ ಅಷ್ಟು ಜೋರ್ ಬರ್ತೈತಂತೇನು?”

ಬಳ್ಳಾರಿಯಲ್ಲಿ ಕೇಳಬೇಕಾದ ಪ್ರಶ್ನೆಯೇ. ನಮ್ಮೂರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ನಾವೇ ಹೇಳಿಕೊಂಡು ನಗುತ್ತೇವೆ. ಸಮುದ್ರ ಇರೋದು ಮುನ್ನೂರು ಚಿಲ್ಲರೆ ಕಿಲೋಮೀಟರ್ ಆಚೆ. ಅಂಥ ಊರಿಗೆ, ಅದೂ ಕೌಲ್ ಬಜಾರಿನ ಸಂದಿಗೆ, 20 ಅಡಿ ಉದ್ದದ ಹಳೇ ಫೈಬರ್ ದೋಣಿ ತಂದರೆ ಜನ ಸುಮ್ನೆ ಇರ್ತಾರಾ? ದಂಡೆಯಲ್ಲಿ ರಿಪೇರಿ ಮಾಡೋರು ಇಲ್ವಾ ಅಂತ ಕೇಳಿದವರೂ ಇದ್ದರು. ಇದ್ದಾರೆ. ನನಗಿಂತ ಚೆನ್ನಾಗಿ ಮಾಡುವವರೇ ಇದ್ದಾರೆ. ಆದರೆ ಅವರ ಹತ್ತಿರ ಇಲ್ಲದ ಒಂದು ಸಾಮಾನು ನಮ್ಮೂರಲ್ಲಿ ಪುಕ್ಕಟೆ ಸಿಗುತ್ತದೆ. ಬಿಸಿಲು.

ಮೊದಲು ಈ ಹುಚ್ಚು ಹೇಗೆ ಹತ್ತಿತು ಅಂತ ಹೇಳಿಬಿಡುತ್ತೇನೆ. ನಾನು ಲಾರಿ ಮೆಕ್ಯಾನಿಕ್. ಅದಿರು ಲಾರಿಗಳು ಹಗಲು ರಾತ್ರಿ ಓಡುತ್ತಿದ್ದ ಕಾಲದಲ್ಲಿ ಹಳೆಯ 63ನೇ ನಂಬರ್ ಹೆದ್ದಾರಿಯಲ್ಲಿ ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಬೇಲೆಕೇರಿ ಬಂದರಿನವರೆಗೂ ಕೆಟ್ಟು ನಿಂತ ಗಾಡಿ ಹುಡುಕಿಕೊಂಡು ಹೋಗುತ್ತಿದ್ದೆ. ಅರಬೈಲ್ ಘಾಟಿನಲ್ಲಿ ಬ್ರೇಕ್ ಸುಟ್ಟುಕೊಂಡ ಲಾರಿಗಳ ಕೆಳಗೆ ಮಲಗಿದ ರಾತ್ರಿಗಳಿಗೆ ಲೆಕ್ಕವಿಲ್ಲ. ಸಮುದ್ರ ಮೊದಲು ಕಂಡಿದ್ದು ಆಗಲೇ. ನಮ್ಮಾಕೆ ಸಿಕ್ಕಿದ್ದೂ ಆಗಲೇ. ಕುಮಟಾ ತಾಲ್ಲೂಕಿನ ತದಡಿಯವಳು, ಮೀನುಗಾರರ ಮನೆ. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನೇ ನಿಲ್ಲಿಸಿತು. ಲಾರಿಗಳು ನಿಂತವು, ನಾನು ಊರಲ್ಲೇ ಚಿಕ್ಕ ಗ್ಯಾರೇಜ್ ಇಟ್ಟುಕೊಂಡೆ. ಅವಳು ಜೀನ್ಸ್ ಹೊಲಿಯೋಕೆ ಕೂತಳು, ಪೀಸ್ ಲೆಕ್ಕದಲ್ಲಿ.

ಅವಳಿಗೆ ಒಂದೇ ಆಸೆ. ಅವಳಪ್ಪ ಚಳಿಗಾಲ ಬಂತೆಂದರೆ ದೋಣಿ ತಗೊಂಡು ತದಡಿಯಿಂದ ದಕ್ಷಿಣಕ್ಕೆ, ಒಂದೊಂದು ಬಂದರಿನಲ್ಲಿ ತಂಗುತ್ತಾ ಮಲ್ಪೆಯವರೆಗೆ ಹೋಗುತ್ತಿದ್ದರಂತೆ. “ಒಂದು ಸಲ ಹಾಗೆ ಹೋಗಿ ಬರೋಣ ರೀ. ನೀವು ಎಂಜಿನ್ ನೋಡಿಕೊಳ್ಳಿ, ದೋಣಿ ನಾನು ನೋಡ್ತೇನೆ.” ಹದಿನೈದು ವರ್ಷ ಹೂಂ ಅಂದೆ. ಕಡೆಗೆ ಅವಳ ತಮ್ಮನ ಮನೆ ಹಿಂದೆ ತೆಂಗಿನ ಮರದ ಕೆಳಗೆ ಮಗುಚಿ ಬಿದ್ದಿದ್ದ ದೋಣಿ ಕಣ್ಣಿಗೆ ಬಿತ್ತು. “ತಗೊಂಡು ಹೋಗಿ ಭಾವ, ಅದು ನೀರು ಕುಡ್ದು ಕುಡ್ದು ಸೋತಿದೆ” ಅಂದ ಅವನು.

ನೀರು ಕುಡಿದಿದೆ ಅನ್ನೋದು ಬರೀ ಮಾತಲ್ಲ. ಒಂದು ರೂಪಾಯಿ ನಾಣ್ಯ ತಗೊಂಡು ದೋಣಿಯ ಮೈ ಪೂರ್ತಿ ಕುಟ್ಟುತ್ತಾ ಹೋದೆ. ಚೆನ್ನಾಗಿರೋ ಕಡೆ ಟಣ್ ಅನ್ನುತ್ತದೆ. ಒಳಗೆ ಕೊಳೆತ ಕಡೆ ಹಣ್ಣಾದ ಪಪ್ಪಾಯಿಗೆ ಕುಟ್ಟಿದ ಹಾಗೆ ಬೊದ್ ಅನ್ನುತ್ತದೆ. ಎಂಜಿನ್ ಕೂರುವ ಹಿಂಬದಿ ಹಲಗೆ ಪೂರ್ತಿ ಬೊದ್. ತಳದಲ್ಲಿ ಅಲ್ಲಲ್ಲಿ ಕಡಲೆ ಗಾತ್ರದಿಂದ ಹಿಡಿದು ನಾಣ್ಯದ ಗಾತ್ರದವರೆಗೆ ಗುಳ್ಳೆಗಳು. ಒಂದನ್ನು ಮೊಳೆಯಿಂದ ಒಡೆದೆ. ಒಂದು ಹನಿ ಕಂದು ನೀರು ಬಂತು. ಮೂಸಿದರೆ ವಿನೆಗರ್ ವಾಸನೆ.

ಆ ಹುಳಿ ವಾಸನೆಗೆ ಕಾರಣ ಇದೆ. ಫೈಬರ್ ಅಂದರೆ ನೀರು ಹೋಗದ ವಸ್ತು ಅಂದುಕೊಳ್ಳುತ್ತೇವೆ. ವರ್ಷಗಟ್ಟಲೆ ನೀರಲ್ಲೇ ಇದ್ದರೆ ಮೇಲಿನ ನುಣುಪು ಪದರ ದಾಟಿ ತೇವ ಒಳಗೆ ಇಳಿಯುತ್ತದೆ. ಫೈಬರಿನ ಗಾಜಿನ ನಾರನ್ನು ಹಿಡಿದಿಡುವ ಅಂಟು ರೆಸಿನ್. ಅದರಲ್ಲಿ ಒಳಗೆ ಗಟ್ಟಿಯಾಗದೆ ಉಳಿದದ್ದರ ಜೊತೆ ನೀರು ಸೇರಿ ಹುಳಿ ದ್ರವ ಆಗುತ್ತದೆ. ಆ ದ್ರವ ಇನ್ನಷ್ಟು ನೀರು ಎಳೆಯುತ್ತದೆ, ಊದಿಕೊಳ್ಳುತ್ತದೆ, ಗುಳ್ಳೆ ಏಳುತ್ತದೆ. ಇದರ ಮೇಲೆ ಹೊಸ ಫೈಬರ್ ಹಚ್ಚಿದರೆ ಒದ್ದೆ ಗೋಡೆಗೆ ಬಣ್ಣ ಹೊಡೆದ ಹಾಗೆ. ಮೊದಲು ಒಣಗಿಸಬೇಕು. ದಂಡೆಯಲ್ಲಿ ಗಾಳಿಯೇ ಒದ್ದೆ, ಅಲ್ಲಿ ಒಣಗಿಸೋಕೆ ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ಮಳೆಗಾಲ ಬಂದು ಕೂರುತ್ತದೆ. ಹಾಗಾಗಿ ಫೆಬ್ರವರಿ ಕೊನೆಯಲ್ಲಿ ಖಾಲಿ ವಾಪಸ್ ಬರುತ್ತಿದ್ದ ಪರಿಚಯದ ಲಾರಿಗೆ ಹೇರಿಸಿದೆ.

ಊರಿಗೆ ಬಂದ ದಿನವೇ ತೂಕ. ಬಳ್ಳಾರಿಯಲ್ಲಿ ಕಾಟಾಗಳಿಗೆ ಬರ ಇಲ್ಲ, ಅದಿರಿನ ಪುಣ್ಯ. ಆದರೆ ದೊಡ್ಡ ಕಾಟಾದಲ್ಲಿ ಸಣ್ಣ ವ್ಯತ್ಯಾಸ ಸಿಗಲ್ಲ. ಗುಜರಿ ಅಂಗಡಿಯವನ ಚಿಕ್ಕ ಕಾಟಾ ಐದು ಕಿಲೋ ಲೆಕ್ಕದಲ್ಲಿ ತೋರಿಸುತ್ತದೆ. ಅದರ ಮೇಲೆ ಇಟ್ಟೆ. 565 ಕಿಲೋ. ಚೀಟಿ ಗ್ಯಾರೇಜಿನ ಗೋಡೆಗೆ ಅಂಟಿಸಿದೆ.

ಆಮೇಲೆ ಸುಲಿಯುವ ಕೆಲಸ. ಹಿಂಬದಿಯ ಒಳಗಿನ ಫೈಬರ್ ಹೊದಿಕೆ ಕತ್ತರಿಸಿ ತೆಗೆದರೆ ಒಳಗಿದ್ದ ಪ್ಲೈವುಡ್ ಕಪ್ಪಗೆ, ಕೈಯಲ್ಲಿ ಹಿಂಡಿದರೆ ನೀರು. ಸೀಟುಗಳ ಕೆಳಗೆ ದೋಣಿ ಮುಳುಗದಿರಲಿ ಅಂತ ತುಂಬಿದ್ದ ಥರ್ಮಾಕೋಲ್ ತೇಲಿಸೋ ಬದಲು ತಾನೇ ಸ್ಪಂಜಿನ ಹಾಗೆ ನೀರು ಹಿಡಿದಿತ್ತು. ಎಲ್ಲ ಬಿಚ್ಚಿ ಪಕ್ಕದಲ್ಲಿ ಹರವಿದೆ. ಬಿಸಾಡಲಿಲ್ಲ, ತೂಕಕ್ಕೆ ಬೇಕಲ್ವಾ.

ಗುಳ್ಳೆಗಳನ್ನೆಲ್ಲ ಗ್ರೈಂಡರ್ ಹಿಡಿದು ತೆರೆದೆ. ತೆರೆದ ತಕ್ಷಣ ಬಿಸಿಲಿಗಿಟ್ಟರೆ ಸಾಲದು, ತೊಳೆಯಬೇಕು. ಉಪ್ಪು ಮತ್ತು ಆ ಹುಳಿ ಒಳಗೇ ಉಳಿದರೆ ಗಾಳಿಯ ತೇವವನ್ನೇ ಮತ್ತೆ ಎಳೆಯುತ್ತವೆ. ನಮ್ಮ ಬೋರ್ ನೀರೇ ಉಪ್ಪುಪ್ಪು. ಅದರಲ್ಲಿ ತೊಳೆದರೆ ಏನು ಬಂತು? ಅಲ್ಲೀಪುರ ಕೆರೆಯ ನಲ್ಲಿ ನೀರು ಬಿಡುವ ದಿನ ಕಾಯಬೇಕು. ಜನ ಕೊಡ ಹಿಡಿದು ನಿಂತಿರುವಾಗ ನಾನು ಪೈಪ್ ಹಿಡಿದು ದೋಣಿ ತೊಳೆಯುತ್ತಿದ್ದರೆ ಪಕ್ಕದ ಮನೆ ಅಕ್ಕ ಬಿಟ್ಟಾರೇನು? “ಕುಡಿಯಾಕ ನೀರಿಲ್ಲ, ಇವ್ರು ದೋಣಿಗೆ ಅಭಿಷೇಕ ಮಾಡಾಕತ್ತಾರ” ಅಂದರು. ನಿಜವೇ. ನಾಚಿಕೆ ಆಯ್ತು. ಮುಂದಿನ ಸಲದಿಂದ ಎರಡು ಡ್ರಮ್ಮು ಮೊದಲೇ ತುಂಬಿಟ್ಟುಕೊಂಡು, ಬಟ್ಟೆಯಿಂದ ಉಜ್ಜಿ ಉಜ್ಜಿ ತೊಳೆದೆ. ನಾಲ್ಕು ಸಲ ತೊಳೆದ ಮೇಲೆ ಹುಳಿ ವಾಸನೆ ಹೋಯಿತು.

ಮಾರ್ಚ್ ಪೂರ್ತಿ ಒಣಗಿಸೋದೇ ಕೆಲಸ. ಏನೂ ಮಾಡದೆ ಸುಮ್ನೆ ಕೂರೋದು ಕೂಡ ಕೆಲಸ ಅಂತ ಗೊತ್ತಾಗಿದ್ದು ಆಗಲೇ. ಒಣಗಿದೆಯೋ ಇಲ್ಲವೋ ನೋಡೋಕೆ ಮಷಿನ್ ಬೇಕಿಲ್ಲ. ಒಂದೂವರೆ ಅಡಿ ಚೌಕದ ತೆಳು ಪ್ಲಾಸ್ಟಿಕ್ ಹಾಳೆಯನ್ನು ದೋಣಿಯ ಮೈಗೆ ನಾಲ್ಕೂ ಕಡೆ ಟೇಪು ಹಚ್ಚಿ ಅಂಟಿಸಿ. ಒಂದು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಗೆ ಬೆವರು ಕಟ್ಟಿದ್ದರೆ ತೇವ ಇನ್ನೂ ಇದೆ. ಮೊದಲ ವಾರ ಬೆಳಗ್ಗೆ ಎದ್ದು ನೋಡಿದರೆ ಇಡ್ಲಿ ಪಾತ್ರೆ ಮುಚ್ಚಳದ ಹಾಗೆ ಹನಿ ಹನಿ. ಮೂರನೇ ವಾರಕ್ಕೆ ಮಸುಕು ಮಾತ್ರ. ಏಪ್ರಿಲ್ ಮೊದಲ ವಾರ ಹಾಳೆ ಕಟಕಟ ಒಣಗಿತ್ತು.

ನಡುವೆ ಒಂದು ಎಡವಟ್ಟು. ದೋಣಿಯನ್ನು ಎರಡೇ ಎರಡು ಲಾರಿ ಟೈರುಗಳ ಮೇಲೆ ಕೂರಿಸಿದ್ದೆ. ಟೈರು ಮೆತ್ತಗೆ, ಏಟಾಗಲ್ಲ ಅನ್ನೋದು ನನ್ನ ಬುದ್ಧಿ. ಒಂದು ಸಂಜೆ ನಮ್ಮಾಕೆ ತಳದ ಕೆಳಗೆ ಬಗ್ಗಿ ನೋಡಿ, “ಇದು ಎಂತ ರೀ, ಹೊಟ್ಟೆ ಒಳಗೆ ಹೋಗಿದೆ” ಅಂದಳು. ದಾರ ಹಿಡಿದು ಅಳೆದರೆ ಟೈರು ಕೂತ ಕಡೆ ತಳ ಹೆಬ್ಬೆರಳಿನಷ್ಟು ಒಳಗೆ ತಗ್ಗಿದೆ. ಸುಲಿದ ದೋಣಿ, ನಲವತ್ತು ಡಿಗ್ರಿ ಬಿಸಿಲು, ಭಾರ ಎಲ್ಲ ಎರಡೇ ಜಾಗಕ್ಕೆ. ಫೈಬರ್ ಕಾದರೆ ಮಣಿಯುತ್ತದೆ. ಲಾರಿ ಜಾಕಿ ಹಾಕಿ ಎತ್ತಿ, ಉದ್ದಕ್ಕೂ ಮರಳು ಚೀಲ ಜೋಡಿಸಿ ಭಾರ ಹಂಚಿದೆ. ಮೇಲೆ ಟಾರ್ಪಾಲ್ ಎತ್ತರಕ್ಕೆ ಕಟ್ಟಿದೆ, ನೇರ ಬಿಸಿಲು ಬೀಳದೆ ಬಿಸಿ ಗಾಳಿ ಮಾತ್ರ ಆಡುವ ಹಾಗೆ. ಹತ್ತು ದಿನದಲ್ಲಿ ತಗ್ಗು ತಾನಾಗಿ ವಾಪಸ್ ಬಂತು. ಪೂರ್ತಿ ಅಲ್ಲ, ಬಹುಪಾಲು. ಬಿಸಿಲು ನಮ್ಮ ಮಷಿನ್ ಅಂತ ಬೀಗಿದ್ದೆ ಅಲ್ವಾ, ಆ ಮಷಿನ್ನಿಗೆ ಸ್ವಿಚ್ ಇಲ್ಲ ಅಂತ ಮರೆತಿದ್ದೆ.

ಮತ್ತೆ ಕಾಟಾ. ಕೊಳೆತ ಪ್ಲೈ, ಥರ್ಮಾಕೋಲ್ ಚೂರು ಎಲ್ಲ ಮೂಟೆ ಕಟ್ಟಿ ದೋಣಿಯೊಳಗೇ ಇಟ್ಟು ತೂಗಿದೆ. 505. ಅರವತ್ತು ಕಿಲೋ ಕಮ್ಮಿ. ಅಂದರೆ ಮೂರು ದೊಡ್ಡ ಕ್ಯಾನ್ ನೀರು ಬಳ್ಳಾರಿ ಗಾಳಿಗೆ ಹೋಗಿದೆ. ಗ್ರೈಂಡರ್ ತಿಂದ ಪುಡಿ ಒಂದೆರಡು ಕಿಲೋ ಕಳೆಯಿರಿ. ಗುಜರಿಯವನು ಎರಡೂ ಚೀಟಿ ನೋಡಿ, “ಹಂಗಾರ ನಿಮ್ಮ ಭಾವಮೈದ ನೀರು ಸೇರಿಸಿ ಮಾರ್ಯಾನ” ಅಂದ.

ಇನ್ನು ಹಿಂಬದಿ ಹಲಗೆ. ಇಲ್ಲಿ ಮೋಸ ಹೋದರೆ ಎಂಜಿನ್ ಸಮೇತ ಸಮುದ್ರ ಪಾಲು. ಬೇಕಿದ್ದದ್ದು ಐಎಸ್ 710 ಗುರುತಿನ ಮರೀನ್ ಪ್ಲೈ, 18 ಎಂಎಂನ ಎರಡು ಪದರ. ಗುರುತು ಯಾರು ಬೇಕಾದರೂ ಒತ್ತಬಹುದು. ಆ ಗುರುತಿನ ಪ್ಲೈನ ಗೋಂದು 72 ಗಂಟೆ ಕುದಿಸಿದರೂ ಬಿಡಬಾರದು ಅನ್ನೋದು ನಿಯಮ. ನಾನೂ ಕುದಿಸಿ ನೋಡೋದು ಅಂತ ಎರಡು ಅಂಗಡಿಯಿಂದ ಅಂಗೈಯಷ್ಟು ಚೂರು ತಂದೆ. ಗ್ಯಾಸ್ ಮೇಲೆ ಇಡೋಕೆ ನಮ್ಮಾಕೆ ಬಿಡಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಹಳೇ ಪಾತ್ರೆಯಲ್ಲಿ ನೀರು, ಕೆಳಗೆ ಸೌದೆ. ಎರಡು ಚೂರಿಗೂ ಗುರುತಿಗೆ ಒಂದೊಂದು ಮೊಳೆ, ಒಂದಕ್ಕೆ ನೆಟ್ಟಗೆ, ಒಂದಕ್ಕೆ ಬಗ್ಗಿಸಿ. ಬೆಳಗ್ಗೆ ಎಂಟಕ್ಕೆ ಶುರು. ಮಧ್ಯಾಹ್ನದ ಹೊತ್ತಿಗೆ ನೀರು ಚಹಾ ಬಣ್ಣ. ನಾಲ್ಕು ಗಂಟೆಗೆ ನೆಟ್ಟಗಿನ ಮೊಳೆಯ ಚೂರಿನ ಅಂಚು ಹಳೇ ಪಂಚಾಂಗದ ಹಾಗೆ ಬಿಚ್ಚಿಕೊಳ್ಳೋಕೆ ಶುರು ಮಾಡಿತು. ಸಂಜೆ ಹೊರಗೆ ತೆಗೆದು ಉಗುರು ಹಾಕಿದರೆ ಒಂದೊಂದೇ ಪದರ ಸರಾಗ ಎದ್ದು ಬಂತು. ಬಗ್ಗಿದ ಮೊಳೆಯದು ಎರಡು ದಿನ ಕುದಿಸಿದರೂ ಹಲ್ಲು ಕಚ್ಚಿಕೊಂಡೇ ಇತ್ತು. ತಮಾಷೆ ಅಂದರೆ ಎರಡಕ್ಕೂ ಒಂದೇ ಗುರುತು ಇತ್ತು. ಬಿಚ್ಚಿಕೊಂಡ ಚೂರು ತಗೊಂಡು ಹೋಗಿ ಆ ಅಂಗಡಿಯವರ ಟೇಬಲ್ ಮೇಲೆ ಇಟ್ಟೆ. “ಪ್ಲೈವುಡ್ ಯಾರು ಕುದಿಸ್ತಾರ್ರೀ?” ಅಂತ ನನ್ನನ್ನೇ ಕೇಳಿದರು.

ರೆಸಿನ್ ಕೆಲಸಕ್ಕೆ ಬರೋಣ. ಮೊದಲೇ ಒಂದು ಎಚ್ಚರಿಕೆ. ರೆಸಿನ್ ಗಟ್ಟಿಯಾಗಿಸೋ ಹಾರ್ಡ್ನರ್ ಬೇರೆ, ಆ ಕೆಲಸ ಬೇಗ ಆಗಲಿ ಅಂತ ಹಾಕುವ ನೇರಳೆ ಬಣ್ಣದ ಕೋಬಾಲ್ಟ್ ಬೇರೆ. ಈ ಎರಡನ್ನೂ ಯಾವತ್ತೂ ನೇರವಾಗಿ ಒಂದಕ್ಕೊಂದು ಬೆರೆಸಬೇಡಿ. ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಕೋಬಾಲ್ಟ್ ಮೊದಲೇ ಬೆರೆಸಿದ ರೆಸಿನ್ ಸಿಗುತ್ತದೆ, ಅದನ್ನೇ ತಗೊಳ್ಳಿ. ನೀವು ಸೇರಿಸೋದು ಹಾರ್ಡ್ನರ್ ಒಂದೇ.

ನೂರಕ್ಕೆ ಎರಡು ಪಾಲು ಹಾರ್ಡ್ನರ್ ಅಂತ ಅಂಗಡಿಯಲ್ಲಿ ಹೇಳಿದ್ದರು. ಒಂದು ಕಿಲೋ ರೆಸಿನ್, 20 ಎಂಎಲ್ ಹಾರ್ಡ್ನರ್, ಪ್ಲಾಸ್ಟಿಕ್ ಮಗ್ಗು, ಏಪ್ರಿಲ್ ಮಧ್ಯಾಹ್ನ. ಬ್ರಷ್ ತಗೊಂಡು ಎರಡು ಅಡಿ ಹಚ್ಚಿದ್ದೆ ಅಷ್ಟೇ. ಮಗ್ಗಿನೊಳಗಿನದು ಗಸಗಸೆ ಪಾಯಸದ ಹಾಗೆ ಗಟ್ಟಿಯಾಯಿತು, ಆಮೇಲೆ ಹೊಗೆ, ಆಮೇಲೆ ಮಗ್ಗು ಸೊಟ್ಟಗಾಗಿ ಕೂತುಬಿಟ್ಟಿತು. ಆರೇ ನಿಮಿಷ. ಬ್ರಷ್ ಅದರಲ್ಲೇ ನಿಂತಿತ್ತು, ಈಗಲೂ ನಿಂತಿದೆ. ಗ್ಯಾರೇಜಿಗೆ ಬಂದವರು ಎತ್ತಿ ನೋಡುತ್ತಾರೆ.

ಆಮೇಲೆ ಹೊಂದಿಸಿಕೊಂಡ ರೀತಿ ಇದು. ಬೆಳಗಿನ ಜಾವ ಐದಕ್ಕೆ ಶುರು, ಎಂಟಕ್ಕೆ ಬಂದ್. ಒಂದು ಸಲಕ್ಕೆ 300 ಗ್ರಾಂ ಮಾತ್ರ, ಸಿರಿಂಜಿನಲ್ಲಿ ಅಳೆದು 3 ಎಂಎಲ್ ಹಾರ್ಡ್ನರ್. ನೂರಕ್ಕೆ ಒಂದಕ್ಕಿಂತ ಕೆಳಗೆ ಇಳಿಸಬಾರದು, ಇಳಿಸಿದರೆ ಗಟ್ಟಿಯೇ ಆಗದೆ ಉಳಿದು ಮುಂದೆ ಅದೇ ಗುಳ್ಳೆಯ ಕಥೆ. ಮತ್ತೆ ಮಗ್ಗಿನಲ್ಲಿ ಇಡಲೇಬೇಡಿ. ಬಿಸಿ ಚಹಾ ಬಸಿಗೆ ಸುರಿದ ಹಾಗೆ ಅಗಲ ತಟ್ಟೆಗೆ ಸುರಿಯಿರಿ. ಒಟ್ಟಿಗೆ ಇದ್ದರೆ ತನ್ನ ಬಿಸಿಗೆ ತಾನೇ ಕಾಯುತ್ತದೆ, ಹರಡಿದರೆ ತಣ್ಣಗಿರುತ್ತದೆ. ಇದು ನಮ್ಮಾಕೆಯ ಉಪಾಯ. ನನ್ನದು ಅಂತ ಹೇಳಿಕೊಳ್ಳೋಣ ಅಂದುಕೊಂಡಿದ್ದೆ, ಇದನ್ನು ಅವಳೂ ಓದುತ್ತಾಳೆ.

ಗುಳ್ಳೆ ತೆರೆದ ಗುಂಡಿಗಳ ಅಂಚನ್ನು ತಟ್ಟೆಯ ಹಾಗೆ ಇಳಿಜಾರು ಮಾಡಿಕೊಂಡೆ. ಐದು ಎಂಎಂ ಆಳ ಇದ್ದರೆ ಸುತ್ತ ಅರವತ್ತು ಎಂಎಂ ಇಳಿಜಾರು, ಒಂದಕ್ಕೆ ಹನ್ನೆರಡರ ಲೆಕ್ಕ. ಅಂಚು ನೆಟ್ಟಗಿದ್ದರೆ ಹೊಸದು ಹಳೆಯದಕ್ಕೆ ಹಿಡಿಯುವ ಜಾಗವೇ ಇಲ್ಲ. ಚದರ ಮೀಟರಿಗೆ 450 ಗ್ರಾಂ ತೂಗುವ ಗಾಜಿನ ನಾರಿನ ಚಾಪೆ, ರೆಸಿನ್, ಗೀರು ಇರುವ ಕಬ್ಬಿಣದ ರೋಲರ್ ಉರುಳಿಸಿ ಗಾಳಿ ಹೊರಗೆ, ಮತ್ತೆ ಚಾಪೆ. ಕೊನೆಯ ಕೈಗೆ ಮೇಣ ಬೆರೆಸಿದ ರೆಸಿನ್. ಇಲ್ಲದಿದ್ದರೆ ಗಾಳಿ ತಾಗುವ ಮೈ ಅಂಟಂಟಾಗಿಯೇ ಉಳಿಯುತ್ತದೆ. ಗ್ರೈಂಡರ್ ಧೂಳಿನ ನವೆ ಬಗ್ಗೆ ಹೇಳಲೇಬೇಕು. ಮಾಸ್ಕು, ಕನ್ನಡಕ ಹಾಕಿದರೂ ಕತ್ತು, ಮೊಣಕೈ ಸಂದಿಯಲ್ಲಿ ತುರಿಕೆ. ಬಿಸಿನೀರು ಹಾಕಿಕೊಂಡರೆ ಇನ್ನೂ ಜಾಸ್ತಿ. ತಣ್ಣೀರೇ ಸರಿ.

ಹಲಗೆ ಕೂರಿಸಿ, ಎಂಜಿನ್ ಬೋಲ್ಟ್ ತೂತುಗಳನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ಅಂಟು ತುಂಬಿ, ಗಟ್ಟಿಯಾದ ಮೇಲೆ ಅದರೊಳಗೆ ಸರಿಯಾದ ತೂತು ಕೊರೆದೆ. ಹೀಗೆ ಮಾಡಿದರೆ ತೂತಿನಿಂದ ನೀರು ಬಂದರೂ ಪ್ಲೈ ಮುಟ್ಟಲ್ಲ. ಹಳೇ ಹಲಗೆ ಕೊಳೆತದ್ದೇ ಆ ನಾಲ್ಕು ತೂತಿನಿಂದ. ಬಣ್ಣದ ಬಗ್ಗೆ ಹೇಳೋಕೆ ಏನಿಲ್ಲ, ಹೊಡೆದೆವು.

ಎಂಜಿನ್ ನನ್ನ ಅಖಾಡ. 9.9 ಹಾರ್ಸ್ ಪವರ್, ಎರಡು ಸ್ಟ್ರೋಕ್, ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸೋದು. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಿ ಎರಡು ನಿಮಿಷ ಓಡಿಸಬೇಕು. ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿದರೆ ಮಾರನೇ ದಿನ ದಾರ ಎಳೆದು ಎಳೆದು ಭುಜ ಬಿದ್ದುಹೋಗುತ್ತದೆ. ಗೇರ್ ಆಯಿಲ್ ಬಿಚ್ಚಿದರೆ ಹಾಲು ಹಾಕಿದ ಚಹಾ ಬಣ್ಣ. ನೀರು ಸೇರಿದೆ. ನೀರು ತಳ್ಳುವ ಫ್ಯಾನ್ ಬಿಚ್ಚಿ ನೋಡಿದರೆ ಶಾಫ್ಟಿನ ಸುತ್ತ ಬಲೆಯ ನೈಲಾನ್ ದಾರ ಬಿಗಿಯಾಗಿ ಸುತ್ತಿ, ಆಯಿಲ್ ಸೀಲನ್ನು ಬ್ಲೇಡಿನ ಹಾಗೆ ಕೊಯ್ದಿತ್ತು. ಸೀಲು ಅಳತೆ ಕೊಟ್ಟು ಇಲ್ಲೇ ಬೇರಿಂಗ್ ಅಂಗಡಿಯಲ್ಲಿ ತಗೊಂಡೆ. ನೀರೆತ್ತುವ ಪಂಪಿನ ರಬ್ಬರ್ ಚಕ್ರದ ಎಸಳುಗಳು ಒಂದೇ ಕಡೆ ಬಾಗಿ ಮರದಂತಾಗಿದ್ದವು, ಅದನ್ನು ಹೊಸದು ತರಿಸಿದೆ.

ಇನ್ನೊಂದು ನೋಡಿ ನಗು ಬಂತು. ಉಪ್ಪು ನೀರಿನಲ್ಲಿ ಎಂಜಿನ್ನಿನ ಅಲ್ಯೂಮಿನಿಯಂ ಸವೆಯದಿರಲಿ ಅಂತ ಕೆಳಗೆ ಒಂದು ಜಿಂಕ್ ತುಂಡು ಕಟ್ಟಿರುತ್ತಾರೆ. ಅದು ತಾನು ಸವೆದು ಎಂಜಿನ್ ಉಳಿಸುತ್ತದೆ. ಭಾವಮೈದ ಚೆಂದ ಕಾಣಲಿ ಅಂತ ಆ ಜಿಂಕಿಗೂ ನೀಟಾಗಿ ಬಣ್ಣ ಹೊಡೆದಿದ್ದ! ಬಣ್ಣ ಹೊಡೆದ ಜಿಂಕು ಕೆಲಸ ಮಾಡಲ್ಲ. ಜಿಂಕು ಹೊಸದರ ಹಾಗೆ ಇತ್ತು, ಪಕ್ಕದ ಅಲ್ಯೂಮಿನಿಯಂ ಗೆದ್ದಲು ತಿಂದ ಹಾಗೆ.

ಟೆಸ್ಟು ಡ್ರಮ್ಮಿನಲ್ಲಿ. ಇನ್ನೂರು ಲೀಟರ್ ಡ್ರಮ್ಮು ಕತ್ತರಿಸಿ ನೀರು ತುಂಬಿ ಎಂಜಿನ್ ಇಳಿಸಿ ಸ್ಟಾರ್ಟ್ ಮಾಡಿದೆ. ಎಂಜಿನ್ನನ್ನು ತಂಪು ಮಾಡಿದ ನೀರು ಪಕ್ಕದ ಸಣ್ಣ ತೂತಿನಿಂದ ಸರ್ರನೆ ಹೊರಗೆ ಬರಬೇಕು. ದಂಡೆಯ ಹುಡುಗರು “ಎಂಜಿನ್ ಉಚ್ಚೆ ಹೊಯ್ತಾ ಇದೆಯಾ ನೋಡು” ಅನ್ನುತ್ತಾರೆ, ನಮ್ಮ ಓಣಿ ಮಕ್ಕಳಿಗೆ ಆ ಮಾತು ಬಹಳ ಹಿಡಿಸಿತು. ಹತ್ತು ನಿಮಿಷಕ್ಕೆ ಡ್ರಮ್ಮಿನ ನೀರು ಸ್ನಾನಕ್ಕೆ ಆಗುವಷ್ಟು ಕಾದಿತ್ತು. ಡ್ರಮ್ಮಿನಲ್ಲಿ ಓಡಿಸುವವರು ಪೈಪಿನಿಂದ ತಣ್ಣೀರು ಬಿಡುತ್ತಲೇ ಇರಬೇಕು, ಇಲ್ಲವಾದರೆ ಟೆಸ್ಟಿನಲ್ಲೇ ಎಂಜಿನ್ ಕಚ್ಚಿಕೊಳ್ಳುತ್ತದೆ.

ಅಷ್ಟರಲ್ಲಿ ನಮ್ಮಾಕೆ ನೆರಳಿನ ಹೊದಿಕೆ ಮತ್ತು ಒಂದು ಚಿಕ್ಕ ಹಾಯಿ ಹೊಲಿದಿದ್ದಳು. ಎಂಜಿನ್ ನಿಂತರೆ ದಡಕ್ಕೆ ತರುವಷ್ಟು ಹಾಯಿ. ಯೂನಿಟ್ಟಿನ ಗೆಳತಿಯರು ಜೀನ್ಸ್ ಬಟ್ಟೆಯಲ್ಲೇ ಹೊಲಿ, ಬಳ್ಳಾರಿ ಮಾಲು ಅಂತ ಗೊತ್ತಾಗಲಿ ಅಂದರಂತೆ. ಜೀನ್ಸ್ ಹತ್ತಿ. ನೆನೆದರೆ ಕಲ್ಲು, ಒಣಗದಿದ್ದರೆ ಬೂಷ್ಟು. ಬಟ್ಟೆ ಪಾಲಿಯೆಸ್ಟರ್, ದಾರ ಪಾಲಿಯೆಸ್ಟರ್. ಆದರೆ ಹೊಲಿಗೆ ಮಾತ್ರ ಅಪ್ಪಟ ಜೀನ್ಸಿನದು. ಎರಡೂ ಅಂಚು ಒಂದರೊಳಗೊಂದು ಮಡಿಸಿ ಎರಡು ಸೂಜಿ ಓಡಿಸೋದು. ಪ್ಯಾಂಟಿನ ಕಾಲಿನ ಹೊಲಿಗೆ ನೋಡಿ, ಅದೇ. ಮೂಲೆಗಳಿಗೆ ಜೀನ್ಸಿನ ರಿವಿಟ್ ಹೊಡೆಯೋಣ ಅಂತ ಅವಳಿಗೇ ಆಸೆ ಇತ್ತು. ಒಂದು ಲೀಟರ್ ನೀರಿಗೆ 35 ಗ್ರಾಂ ಉಪ್ಪು ಹಾಕಿದರೆ ಸಮುದ್ರದ ನೀರಿನ ಲೆಕ್ಕ. ಬಟ್ಟಲಲ್ಲಿ ಆ ನೀರು ಮಾಡಿ, ಎಂಟು ರಿವಿಟ್ ಹಾಕಿ, ಕಿಟಕಿಯಲ್ಲಿಟ್ಟಳು. ಮೂರನೇ ದಿನ ಬಟ್ಟಲಿನ ತಳ ಕೆಂಪು. ಹಿತ್ತಾಳೆ ಬಣ್ಣ ಬರೀ ಮೇಲೆ, ಒಳಗೆ ಕಬ್ಬಿಣ. ಅಪ್ಪಟ ಹಿತ್ತಾಳೆ ಐಲೆಟ್ ಹುಡುಕಿ ತಂದೆವು.

ಸೆಪ್ಟೆಂಬರಿನಲ್ಲಿ ನೀರಿಗಿಳಿಸಿ ನೋಡಬೇಕಿತ್ತು. ಕುರುಗೋಡಿನ ಹತ್ತಿರ ಗೆಳೆಯನ ಹೊಲದಲ್ಲಿ ಕೃಷಿ ಹೊಂಡ ತುಂಬಿತ್ತು. ಹೈಡ್ರಾ ಕ್ರೇನ್ ಬಂತು, ಬೆಲ್ಟು ಕಟ್ಟಿ ಎತ್ತಿತು, ಹೊಂಡದ ಪ್ಲಾಸ್ಟಿಕ್ ಹರಿಯದ ಹಾಗೆ ನಿಧಾನ ಇಳಿಸಿತು. ಮೆಣಸಿನಕಾಯಿ ಹೊಲದ ನಡುವೆ ನೀಲಿ ದೋಣಿ ತೇಲುತ್ತಿದೆ, ಸುತ್ತ ಊರಿಗೆ ಊರೇ ನಿಂತಿದೆ. ಮರಳು ಚೀಲ ತುಂಬಿ ನಾಲ್ಕು ಗಂಟೆ ಬಿಟ್ಟೆವು. ಎರಡು ಲೀಟರ್ ನೀರು ಒಳಗೆ. ಹುಡುಕಿದರೆ ನೀರು ಬಸಿಯುವ ಬಿರಡೆಯ ವಾಷರ್ ಗಟ್ಟಿಯಾಗಿತ್ತು, ಅಷ್ಟೇ. ಏಳು ತಿಂಗಳ ಕೆಲಸದಲ್ಲಿ ಸೋತದ್ದು ಐದು ರೂಪಾಯಿ ವಾಷರ್.

ನವೆಂಬರಿನಲ್ಲಿ ಲಾರಿ ಏರಿಸಿ ತದಡಿಗೆ ತಂದೆವು. ಕಾಗದಪತ್ರ ಭಾವಮೈದನ ಪಾಲು. ದೋಣಿ ಈಗಲೂ ಅವನ ಹೆಸರಿನಲ್ಲೇ ಇದೆ, ನಂಬರ್ ಅಳಿಸಿಲ್ಲ. ಅವನೂ ತನ್ನ ಇನ್ನೊಂದು ದೋಣಿಯಲ್ಲಿ ಜೊತೆಗೆ ಬಂದ. ಎಲ್ಲರಿಗೂ ಲೈಫ್ ಜಾಕೆಟ್. ಕರಾವಳಿ ರಕ್ಷಣಾ ಪಡೆಯ 1554 ನಂಬರನ್ನು ಮಾರ್ಕರಿನಲ್ಲಿ ಸೀಟಿನ ಮೇಲೇ ಬರೆದೆ.

ಡಿಸೆಂಬರಿನಲ್ಲಿ ಹೊರಟೆವು. ಚಳಿಗಾಲದ ಸಮುದ್ರಕ್ಕೆ ಒಂದು ದಿನಚರಿ ಇದೆ. ಬೆಳಗಿನ ಜಾವ ಗಾಳಿ ನೆಲದಿಂದ ಸಮುದ್ರಕ್ಕೆ, ನೀರು ಎಣ್ಣೆಯ ಹಾಗೆ. ಮಧ್ಯಾಹ್ನದ ಮೇಲೆ ವಾಯವ್ಯದ ಗಾಳಿ ಎದ್ದು ಅಲೆ ಕುಟ್ಟೋಕೆ ಶುರು. ಹಾಗಾಗಿ ಐದೂವರೆಗೆ ಬಿಟ್ಟು ಹನ್ನೊಂದರೊಳಗೆ ಬಂದರು ಸೇರೋದು. ತದಡಿಯಿಂದ ಹೊನ್ನಾವರ, ಅಲ್ಲಿಂದ ಭಟ್ಕಳ, ಗಂಗೊಳ್ಳಿ, ಮಲ್ಪೆ. ಒಟ್ಟು ಸುಮಾರು 150 ಕಿಲೋಮೀಟರ್. ನಾವು ಆತುರ ಮಾಡಲಿಲ್ಲ. ಒಂದೊಂದು ಕಡೆ ನಾಲ್ಕೈದು ದಿನ, ನೆಂಟರಿದ್ದ ಕಡೆ ಇನ್ನೂ ಜಾಸ್ತಿ.

ಹೊನ್ನಾವರದಲ್ಲಿ ಶರಾವತಿ ಅಳಿವೆಗೆ ಹತ್ತಿರವಾದಾಗ ನಾನು ನೇರ ನುಗ್ಗಿಸೋಣ ಅಂದೆ. ನಮ್ಮಾಕೆ ಎಂಜಿನ್ ಹಿಡಿಯ ಮೇಲಿದ್ದ ನನ್ನ ಕೈ ಸರಿಸಿ ತಾನೇ ಹಿಡಿದಳು. “ಇಳಿತ ಇದೆ. ಹೊಳೆ ನೀರು ಹೊರಗೆ ಬರ್ತಾ ಇದೆ, ಅಲೆ ಒಳಗೆ ಹೋಗ್ತಾ ಇದೆ. ಎರಡೂ ಬಡಿದಾಡೋ ಕಡೆ ಮರಳು ದಿಬ್ಬ. ಭರತ ಆಗಲಿ, ನೀರು ಏರಲಿ.” ಒಂದೂವರೆ ಗಂಟೆ ಹೊರಗೇ ತೇಲುತ್ತಾ ಕೂತೆವು. ದೂರದಿಂದ ನೋಡಿದರೆ ಅಳಿವೆಯ ಬಾಯಲ್ಲಿ ಬಿಳಿ ನೊರೆಯ ಗೆರೆ. ಭರತ ಏರಿದ ಮೇಲೆ ಆ ಗೆರೆ ಮಾಯ. ಅವಳು ಎರಡು ಅಲೆ ಬಿಟ್ಟು ಮೂರನೆಯದರ ಬೆನ್ನಿಗೆ ದೋಣಿ ಕೂರಿಸಿ ಒಳಗೆ ತಂದಳು. ಇಷ್ಟು ವರ್ಷ ಜೀನ್ಸ್ ಹೊಲಿದ ಕೈ ಅಂತ ಯಾರೂ ಹೇಳೋ ಹಾಗಿರಲಿಲ್ಲ.

ನನ್ನ ಸರದಿ ಮುರುಡೇಶ್ವರದ ಎದುರು ಬಂತು. ಶಿವನ ಮೂರ್ತಿ ನೋಡುತ್ತಾ ಕೂತಿದ್ದೆ, ಎಂಜಿನ್ ಉಚ್ಚೆ ನಿಂತಿತ್ತು. ತಕ್ಷಣ ಬಂದ್ ಮಾಡಿ ಮೇಲೆತ್ತಿ ನೋಡಿದರೆ ನೀರೆಳೆಯುವ ಜಾಲರಿಗೆ ಪ್ಲಾಸ್ಟಿಕ್ ಚೀಲ ಅಂಟಿದೆ. ಕಿತ್ತು, ಎರಡು ನಿಮಿಷ ಆರಿಸಿ, ದಾರ ಎಳೆದೆ. ಮತ್ತೆ ಸರ್ರ್. ಹಾಯಿ ಬಿಚ್ಚುವ ಅವಕಾಶ ಸಿಗಲಿಲ್ಲ ಅಂತ ಅವಳಿಗೆ ಬೇಜಾರು. ಆಮೇಲೆ ಗಂಗೊಳ್ಳಿ ದಾಟಿದ ಮೇಲೆ ಬೇಕಂತಲೇ ಎಂಜಿನ್ ನಿಲ್ಲಿಸಿ ಅರ್ಧ ಗಂಟೆ ಹಾಯಿ ಕಟ್ಟಿದೆವು. ಹೊಲಿಗೆಗೆ ಏನೂ ಆಗಲಿಲ್ಲ.

ಮಲ್ಪೆಯಲ್ಲಿ ದೋಣಿ ಕಟ್ಟಿ ಮೊದಲು ಮಾಡಿದ ಕೆಲಸ, ನಾಣ್ಯ ತೆಗೆದು ಹಿಂಬದಿ ಹಲಗೆ ಕುಟ್ಟೋದು. ಟಣ್, ಟಣ್, ಟಣ್. ಆಮೇಲೆ ಹಿಂಬದಿಗೆ ತಾಗಿದ ಮುಚ್ಚಿದ ಡಬ್ಬಿಯ ಬಾಗಿಲು ಬಿಚ್ಚಿದೆ. ಮೇಲಿನ ಎರಚು ನೀರು ಅಲ್ಲಿಗೆ ಹೋಗಲ್ಲ, ಅಲ್ಲಿ ನೀರಿದ್ದರೆ ಹಲಗೆಯಿಂದಲೇ ಬಂದಿರಬೇಕು. ಟಾರ್ಚ್ ಬಿಟ್ಟರೆ ತಳದಲ್ಲಿ ಅರ್ಧ ಮಗ್ಗು ನೀರು ಮಿನುಗುತ್ತಿತ್ತು. ನನ್ನ ಎದೆ ಧಸಕ್ ಅಂದಿತು. ಏಳು ತಿಂಗಳ ಕೆಲಸ, ಆ ಪ್ಲೈ, ಆ ನಾಲ್ಕು ತೂತು, ಎಲ್ಲ ಒಟ್ಟಿಗೆ ನೆನಪಾಯಿತು.

ನಮ್ಮಾಕೆ ಏನೂ ಮಾತಾಡಲಿಲ್ಲ. ಬಗ್ಗಿ, ಬೆರಳು ಅದ್ದಿ, ನಾಲಿಗೆಗೆ ಇಟ್ಟುಕೊಂಡಳು. ಒಂದು ಕ್ಷಣ ಯೋಚಿಸಿದಳು.

“ಸಿಹಿನೀರು ರೀ. ಕುಡಿಯೋ ನೀರಿನ ಕ್ಯಾನ್ ಮುಚ್ಚಳ ನೀವು ಸರಿಯಾಗಿ ಹಾಕಿಲ್ಲ.”